ಟರ್ಬೊ ಹಾಕಿದ ಹಳೇ ಸಿಟಿ ವಿಟೆಕ್: ಫ್ಯೂಯಲ್ ಪ್ರೆಶರ್ ಎಷ್ಟಕ್ಕೆ ಇಡಬೇಕು?

ಹಳೇಸಿಟಿ_ಬೆಂಗಳೂರು:
ಎಲ್ಲರಿಗೂ ನಮಸ್ಕಾರ. ಗಾಡಿ 2002ರ ಹೋಂಡಾ ಸಿಟಿ 1.5 ವಿಟೆಕ್. ಚಿಕ್ಕ ಟರ್ಬೊ ಹಾಕಿದ್ದೇನೆ, ಬೂಸ್ಟ್ (ಟರ್ಬೊ ತಳ್ಳೋ ಗಾಳಿಯ ಹೆಚ್ಚುವರಿ ಒತ್ತಡ) 7 ಪಿಎಸ್‌ಐ ಮಾತ್ರ. ಇಂಜೆಕ್ಟರ್ ನಿಮಿಷಕ್ಕೆ 370 ಸಿಸಿಯದ್ದು, ಟ್ಯಾಂಕ್ ಒಳಗೆ ಗಂಟೆಗೆ 255 ಲೀಟರ್ ಪಂಪ್, ಅಡ್ಜಸ್ಟ್ ಮಾಡಬಹುದಾದ ಫ್ಯೂಯಲ್ ಪ್ರೆಶರ್ ರೆಗ್ಯುಲೇಟರ್, ಸ್ಟ್ಯಾಂಡ್‌ಅಲೋನ್ ಇಸಿಯು (ನಾವೇ ಟ್ಯೂನ್ ಮಾಡಬಹುದಾದ ಇಂಜಿನ್ ಕಂಪ್ಯೂಟರ್), ವೈಡ್‌ಬ್ಯಾಂಡ್ (ಗಾಳಿ-ಪೆಟ್ರೋಲ್ ಅನುಪಾತ ಅಳೆಯೋ ಸೆನ್ಸರ್) ಇದೆ. ಕೊಯಮತ್ತೂರಿನ ಕಾರಿ ರೇಸ್ ಟ್ರ್ಯಾಕ್‌ಗೆ ಅಂತಲೇ ಮಾಡಿದ ಗಾಡಿ.

ಸಮಸ್ಯೆ ಏನಂದ್ರೆ 5000 ಆರ್‌ಪಿಎಂ ತನಕ ಎಲ್ಲಾ ಸರಿ ಇದೆ, ಆಮೇಲೆ ಲೀನ್ ಆಗುತ್ತೆ, ಅಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇರಲ್ಲ. ಲ್ಯಾಂಬ್ಡಾ (1 ಅಂದರೆ ಗಾಳಿ-ಪೆಟ್ರೋಲ್ ಸರಿಯಾದ ಅಳತೆ, ಅದಕ್ಕಿಂತ ಕಡಿಮೆ ಆದಷ್ಟೂ ಪೆಟ್ರೋಲ್ ಜಾಸ್ತಿ) 0.80 ಇದ್ದದ್ದು ಮೇಲೆ ಹೋಗ್ತಾ ಹೋಗ್ತಾ 0.92 ಆಗುತ್ತೆ. ಅಲ್ಲಿಗೆ ಕಾಲು ತೆಗೆದುಬಿಡ್ತೇನೆ. ಟರ್ಬೊ ಕೂರಿಸಿದ ಗ್ಯಾರೇಜ್‌ನಲ್ಲಿ ಕೇಳಿದರೆ "ರೆಗ್ಯುಲೇಟರ್ ತಿರುಗಿಸಿ 55 ಪಿಎಸ್‌ಐಗೆ ಇಡಿ, ಸರಿ ಹೋಗುತ್ತೆ" ಅಂದರು. ಈಗ ಐಡಲ್‌ನಲ್ಲಿ 36 ತೋರಿಸುತ್ತಿದೆ. 55ಕ್ಕೆ ಏರಿಸಬಹುದಾ? ಇಂಜಿನ್‌ಗೆ ಏನಾದರೂ ಆಗುತ್ತಾ?

ಎಸ್ಟೀಮ್_ಪ್ರೇಮಿ:
ಏರಿಸಿ ಬ್ರೋ, ಏನೂ ಆಗಲ್ಲ. ನನ್ನ ಎಸ್ಟೀಮ್‌ನಲ್ಲಿ ಕ್ಯಾಮ್ ಮತ್ತು ಹೆಡರ್ ಹಾಕಿಸಿದಾಗ ಪ್ರೆಶರ್ ಸ್ವಲ್ಪ ಜಾಸ್ತಿ ಮಾಡಿದೆವು, ಮೇಲಿನ ಆರ್‌ಪಿಎಂನಲ್ಲಿ ಗಾಡಿ ಚೆನ್ನಾಗಿ ಎಳೆಯೋಕೆ ಶುರುವಾಯ್ತು. ಲೀನ್ ಆಗ್ತಿದೆ ಅಂದರೆ ಪೆಟ್ರೋಲ್ ಸಾಲ್ತಿಲ್ಲ ಅಂತ ಅರ್ಥ. ಪ್ರೆಶರ್ ಏರಿಸಿದರೆ ಪೆಟ್ರೋಲ್ ಜಾಸ್ತಿ ಬರುತ್ತೆ. ಇಷ್ಟೇ ಅಲ್ವಾ?

ಲ್ಯಾಂಬ್ಡಾ_ಒಂದು:
ಹಳೇಸಿಟಿ, ದಯವಿಟ್ಟು ಈಗಲೇ ತಿರುಗಿಸಬೇಡಿ. ಮೊದಲು ಮೂರು ವಿಷಯ ಹೇಳಿ. ಐಡಲ್‌ನಲ್ಲಿ 36 ಅಂದಿರಲ್ಲ, ಅದು ರೆಗ್ಯುಲೇಟರ್‌ನ ವ್ಯಾಕ್ಯೂಮ್ ಪೈಪ್ ಇದ್ದಾಗಲಾ, ತೆಗೆದಾಗಲಾ? ಪೈಪ್ ತೆಗೆದು ಬಾಯಿ ಮುಚ್ಚಿದರೆ ಎಷ್ಟು ಬರುತ್ತೆ? ಫುಲ್ ಬೂಸ್ಟ್‌ನಲ್ಲಿ ಎಷ್ಟು ಇರುತ್ತೆ? ಮೂರನೆಯದು ಗೊತ್ತಿಲ್ಲದೆ ಈ ಮಾತು ಮುಂದಕ್ಕೆ ಹೋಗಲ್ಲ. ಬಾನೆಟ್ ಒಳಗಿನ ಗೇಜ್ ನೋಡಿ ಹೇಳಿದ ಐಡಲ್ ಲೆಕ್ಕ ಮಾತ್ರ ಸಾಕಾಗಲ್ಲ.

ಇನ್ನೊಂದು ಮಾತು, ಪೆಟ್ರೋಲ್ ತುಂಬಿದ ಗೇಜ್ ಪೈಪನ್ನು ಕ್ಯಾಬಿನ್ ಒಳಗೆ ಎಳೆಯೋ ಕೆಲಸ ಮಾತ್ರ ಮಾಡಬೇಡಿ. 0 ರಿಂದ 100 ಪಿಎಸ್‌ಐ ಎಲೆಕ್ಟ್ರಿಕ್ ಸೆಂಡರ್ (ಪ್ರೆಶರ್ ಸೆನ್ಸರ್) ಹಾಕಿ, ವೈರ್ ಇಸಿಯುಗೆ ಕೊಡಿ, ಲಾಗ್ ಮಾಡಿ.

ಎಸ್ಟೀಮ್ ಅವರೇ, ನಿಮ್ಮ ಮಾತು ಪೂರ್ತಿ ತಪ್ಪಲ್ಲ, ಆದರೆ ನಿಮ್ಮ ಗಾಡಿ ಕಥೆ ಬೇರೆ, ಇವರದ್ದೇ ಬೇರೆ. ನಿಮ್ಮದಕ್ಕೆ ಆಮೇಲೆ ಬರ್ತೇನೆ.

ಕುಡ್ಲ_ಡ್ರೈವ್:
ಲ್ಯಾಂಬ್ಡಾ ಅಣ್ಣ, ಈ ವ್ಯಾಕ್ಯೂಮ್ ಪೈಪ್ ಯಾಕೆ ತೆಗೆದು ನೋಡಬೇಕು ಅಂತ ಒಮ್ಮೆ ಬಿಡಿಸಿ ಹೇಳಿ ಮಾರಾಯ್ರೆ. ಎಲ್ಲರೂ ತೆಗಿ ತೆಗಿ ಅಂತಾರೆ, ಯಾಕೆ ಅಂತ ಯಾರೂ ಹೇಳಲ್ಲ.

ಲ್ಯಾಂಬ್ಡಾ_ಒಂದು:
ಹೇಳ್ತೇನೆ, ಇಡೀ ವಿಷಯದ ತಿರುಳೇ ಅದು.

ಇಂಜೆಕ್ಟರ್‌ನ ಮೂತಿ ಇರೋದು ಇನ್‌ಟೇಕ್ ಮ್ಯಾನಿಫೋಲ್ಡ್ (ಇಂಜಿನ್‌ಗೆ ಗಾಳಿ ಹೋಗೋ ಕೊಳವೆ) ಒಳಗೆ. ಹಿಂದೆ ರೇಲ್ (ಇಂಜೆಕ್ಟರ್‌ಗಳಿಗೆ ಪೆಟ್ರೋಲ್ ಕೊಡೋ ಪೈಪ್) ಪ್ರೆಶರ್ ತಳ್ಳುತ್ತೆ, ಮುಂದೆ ಮ್ಯಾನಿಫೋಲ್ಡ್‌ನ ಗಾಳಿ. ಐಡಲ್‌ನಲ್ಲಿ ಮುಂದೆ ವ್ಯಾಕ್ಯೂಮ್ ಇರುತ್ತೆ, ಅದು ಪೆಟ್ರೋಲನ್ನು ಎಳೆಯುತ್ತೆ. ಬೂಸ್ಟ್ ಬಂದಾಗ ಗಾಳಿ ಎದುರಿನಿಂದ ತಳ್ಳುತ್ತೆ. ಇಂಜೆಕ್ಟರ್‌ಗೆ ಸಿಗೋದು ಈ ಎರಡರ ನಡುವಿನ ವ್ಯತ್ಯಾಸ ಮಾತ್ರ. ಆ ವ್ಯತ್ಯಾಸ ಯಾವಾಗಲೂ ಒಂದೇ ಇದ್ದರೆ, ಇಸಿಯು ಇಂಜೆಕ್ಟರನ್ನು ಇಷ್ಟು ಮಿಲಿಸೆಕೆಂಡ್ ತೆರೆದಾಗ ಇಷ್ಟೇ ಪೆಟ್ರೋಲ್ ಬೀಳುತ್ತೆ ಅನ್ನೋ ಲೆಕ್ಕ ನಿಲ್ಲುತ್ತೆ. ಅದು ಬದಲಾದರೆ ನೀವು ಮಾಡಿದ ಮ್ಯಾಪ್‌ಗೆ (ಇಸಿಯು ಒಳಗಿನ ಪೆಟ್ರೋಲ್ ಲೆಕ್ಕದ ಪಟ್ಟಿ) ಬೆಲೆಯೇ ಇಲ್ಲ.

ಅದಕ್ಕೇ ರೆಗ್ಯುಲೇಟರ್‌ಗೆ ಮ್ಯಾನಿಫೋಲ್ಡ್‌ನಿಂದ ಒಂದು ಪೈಪ್ ಕೊಟ್ಟಿರ್ತಾರೆ. ಒಳಗೆ ಒಂದು ಡಯಾಫ್ರಾಮ್, ಅದರ ಮೇಲೆ ಒಂದು ಸ್ಪ್ರಿಂಗ್. ಮ್ಯಾನಿಫೋಲ್ಡ್‌ನಲ್ಲಿ ವ್ಯಾಕ್ಯೂಮ್ ಇದ್ದರೆ ರೇಲ್ ಪ್ರೆಶರ್ ಅಷ್ಟೇ ಇಳಿಯುತ್ತೆ, ಬೂಸ್ಟ್ ಬಂದರೆ ಅಷ್ಟೇ ಏರುತ್ತೆ. 1 ಪಿಎಸ್‌ಐಗೆ 1 ಪಿಎಸ್‌ಐ. ಪೈಪ್ ತೆಗೆದಾಗ ಡಯಾಫ್ರಾಮ್ ಮೇಲೆ ಹೊರಗಿನ ಗಾಳಿ ಮತ್ತು ಸ್ಪ್ರಿಂಗ್ ಅಷ್ಟೇ ಉಳಿಯುತ್ತೆ. ಆಗ ಗೇಜ್‌ನಲ್ಲಿ ಕಾಣೋದೇ ಬೇಸ್ ಪ್ರೆಶರ್. ಸೆಟ್ ಮಾಡೋದು ಅದನ್ನು. ಪೈಪ್ ಇದ್ದಾಗ ಕಾಣೋ ನಂಬರ್ ಇಂಜಿನ್‌ನ ವ್ಯಾಕ್ಯೂಮ್ ಮೇಲೆ ಓಲಾಡುತ್ತೆ. ಕ್ಯಾಮ್ ಬದಲಿಸಿದರೆ ಬದಲಾಗುತ್ತೆ, ಎಸಿ ಹಾಕಿದರೂ ಬದಲಾಗುತ್ತೆ.

ಕುಡ್ಲದವರಿಗೆ ಒಂದು ಸ್ವಾರಸ್ಯ. ಬೆಂಗಳೂರು 900 ಮೀಟರ್‌ಗಿಂತ ಮೇಲಿದೆ, ಇಲ್ಲಿ ಗಾಳಿಯ ಒತ್ತಡವೇ ಸುಮಾರು 91 ಕಿಲೋಪಾಸ್ಕಲ್. ನಿಮ್ಮಲ್ಲಿ 101. ಐಡಲ್‌ನಲ್ಲಿ ಮ್ಯಾನಿಫೋಲ್ಡ್ ಎರಡೂ ಕಡೆ ಹೆಚ್ಚುಕಮ್ಮಿ ಅಷ್ಟೇ ಇರುತ್ತೆ, ಹಾಗಾಗಿ ನಿಮ್ಮಲ್ಲಿ ವ್ಯಾಕ್ಯೂಮ್ ಜಾಸ್ತಿ ತೋರಿಸುತ್ತೆ. ಬೇಸ್ 43.5 ಇಟ್ಟ ಅದೇ ಗಾಡಿ ಪೈಪ್ ಹಾಕಿದಾಗ ಮಂಗಳೂರಿನಲ್ಲಿ 33-34 ತೋರಿಸಿದರೆ ಬೆಂಗಳೂರಲ್ಲಿ 35 ತೋರಿಸಬಹುದು. ಎರಡೂ ಸರಿ. ಇದನ್ನು ನೋಡಿ ಸ್ಕ್ರೂ ಮುಟ್ಟಬೇಡಿ.

ವೆಬರ್_118:
ನನ್ನದು ಪ್ರೀಮಿಯರ್ 118 ಎನ್‌ಇ, ಸೈಡ್‌ಡ್ರಾಫ್ಟ್ ವೆಬರ್ ಕಾರ್ಬ್ಯುರೇಟರ್. ನಮಗೂ ರೆಗ್ಯುಲೇಟರ್ ಬೇಕಾ? ಎಲೆಕ್ಟ್ರಿಕ್ ಪಂಪ್ ಹಾಕಿದ ಮೇಲೆ ಪೆಟ್ರೋಲ್ ಉಕ್ಕುತ್ತಿದೆ.

ಲ್ಯಾಂಬ್ಡಾ_ಒಂದು:
ಬೇಕೇ ಬೇಕು. ಕಾರ್ಬ್ಯುರೇಟರ್‌ನಲ್ಲಿ ಪ್ರೆಶರ್ ಇರೋದು ಫ್ಲೋಟ್ ಬೌಲ್ ತುಂಬಿಸೋಕೆ ಮಾತ್ರ. ವೆಬರ್‌ಗೆ 3 ಪಿಎಸ್‌ಐ ಆಸುಪಾಸು ಸಾಕು. ಜಾಸ್ತಿ ಆದರೆ ನೀಡಲ್ ವಾಲ್ವ್ ತಡೆಯಲ್ಲ, ನೀವು ಹೇಳಿದ ಹಾಗೆ ಉಕ್ಕುತ್ತೆ. ಬಿಸಿ ಎಕ್ಸಾಸ್ಟ್ ಪಕ್ಕದಲ್ಲೇ ಉಕ್ಕೋದು ಬೆಂಕಿಗೆ ದಾರಿ. ಕಡಿಮೆ ಪ್ರೆಶರ್ ರೆಗ್ಯುಲೇಟರ್ ಅಂತಲೇ ಕೇಳಿ ತಗೊಳ್ಳಿ. ಇಂಜೆಕ್ಷನ್ ಗಾಡಿಯ ರೆಗ್ಯುಲೇಟರ್ ಅಷ್ಟು ಕೆಳಗೆ ಇಳಿಯಲ್ಲ. ಅದು ಸಿಗೋ ತನಕ ಗಾಡಿ ಹೊರಗೆ ತೆಗೀಬೇಡಿ.

ಹಳೇಸಿಟಿ_ಬೆಂಗಳೂರು:
ಸೆಂಡರ್ ಹಾಕಿಸಿದೆ. ಲಾಗ್ ಇಲ್ಲಿದೆ.

ಐಡಲ್, ಪೈಪ್ ಇದ್ದಾಗ 36. ಪೈಪ್ ತೆಗೆದು ಬಾಯಿ ಮುಚ್ಚಿದಾಗ 44. ಮೂರನೇ ಗೇರ್‌ನಲ್ಲಿ ಫುಲ್ ಆಕ್ಸಿಲರೇಟರ್, ಬೂಸ್ಟ್ 7 ಆದ ಮೇಲೆ 4500ರಲ್ಲಿ 49, 5500ರಲ್ಲಿ 44, 6200ರಲ್ಲಿ 40. ಲ್ಯಾಂಬ್ಡಾ ಅದೇ ಸಾಲಿನಲ್ಲಿ 0.81, 0.87, 0.92. ಬೂಸ್ಟ್ ಕೊನೆ ತನಕ 7ರಲ್ಲೇ ನಿಂತಿದೆ.

ಲ್ಯಾಂಬ್ಡಾ_ಒಂದು:
ತುಂಬಾ ಒಳ್ಳೆ ಲಾಗ್. ಉತ್ತರ ಇದರಲ್ಲೇ ಇದೆ, ನೋಡಿ.

7 ಪಿಎಸ್‌ಐ ಬೂಸ್ಟ್‌ನಲ್ಲಿ ರೇಲ್‌ನಲ್ಲಿ 44 ಕೂಡಿಸು 7, ಅಂದರೆ 51 ಇರಬೇಕಿತ್ತು. 6200ರಲ್ಲಿ ಇರೋದು 40. ಅದರಲ್ಲಿ ಎದುರಿನ ಬೂಸ್ಟ್ 7 ಕಳೆಯಿರಿ. ಇಂಜೆಕ್ಟರ್‌ಗೆ ನಿಜವಾಗಿ ಸಿಗ್ತಿರೋದು 33 ಮಾತ್ರ. ಪೆಟ್ರೋಲ್ ಹರಿಯೋದು ಪ್ರೆಶರ್‌ನ ವರ್ಗಮೂಲದ ಲೆಕ್ಕದಲ್ಲಿ. 33 ಭಾಗಿಸು 44, ಅದರ ವರ್ಗಮೂಲ 0.87. ಅಂದರೆ ಇಸಿಯು ಕೇಳಿದ್ದರಲ್ಲಿ 87 ಪರ್ಸೆಂಟ್ ಮಾತ್ರ ಬೀಳ್ತಿದೆ. ಗುರಿ 0.80 ಅನ್ನು 0.87ರಿಂದ ಭಾಗಿಸಿ. 0.92! ನಿಮ್ಮ ವೈಡ್‌ಬ್ಯಾಂಡ್ ತೋರಿಸಿದ್ದೂ ಅದೇ.

ಹಾಗಾಗಿ ಮ್ಯಾಪ್ ಸರಿ ಇದೆ, ಇಂಜೆಕ್ಟರ್ ಸರಿ ಇದೆ, ಬೇಸ್ ಸರಿ ಇದೆ. ಪ್ರೆಶರ್ ನಿಲ್ಲುತ್ತಿಲ್ಲ, ಅದೊಂದೇ ತೊಂದರೆ. ರೆಗ್ಯುಲೇಟರ್ ಕೆಲಸ ಏನು? ಜಾಸ್ತಿ ಬಂದ ಪೆಟ್ರೋಲನ್ನು ವಾಪಸ್ ಟ್ಯಾಂಕ್‌ಗೆ ಬಿಡೋದು. ಬರೋದೇ ಕಡಿಮೆ ಆದಾಗ ಅದು ಪೂರ್ತಿ ಮುಚ್ಚಿಕೊಂಡು ಕೂತಿರುತ್ತೆ. ಆಗ ಸ್ಕ್ರೂ ಎಷ್ಟು ತಿರುಗಿಸಿದರೂ ಮೇಲಿನ ಆರ್‌ಪಿಎಂನಲ್ಲಿ ಒಂದು ಪಿಎಸ್‌ಐಯೂ ಏರಲ್ಲ. ಐಡಲ್ ಮತ್ತು ಸಣ್ಣ ಥ್ರಾಟಲ್‌ನಲ್ಲಿ ಮಾತ್ರ 55 ಆಗಿ ಅಲ್ಲೆಲ್ಲ 12 ಪರ್ಸೆಂಟ್ ರಿಚ್ ಆಗುತ್ತೆ, ಎಲ್ಲಿ ಬೇಕೋ ಅಲ್ಲಿ ಲೀನ್ ಹಾಗೇ ಉಳಿಯುತ್ತೆ. ಗ್ಯಾರೇಜ್‌ನವರು ಹೇಳಿದ್ದು ಮಾಡಿದ್ದರೆ ಅಷ್ಟೇ ಆಗ್ತಿತ್ತು. 0.92ರಲ್ಲಿ ಬೂಸ್ಟ್ ಹೊಡೆದರೆ ನಾಕಿಂಗ್ (ಪೆಟ್ರೋಲ್ ಹೊತ್ತಲ್ಲದ ಹೊತ್ತಿನಲ್ಲಿ ಸಿಡಿಯೋದು) ಬಂದು ಪಿಸ್ಟನ್ ಹೋಗುತ್ತೆ. ಕಾಲು ತೆಗೆದಿದ್ದು ಒಳ್ಳೇದಾಯ್ತು.

ಈಗ ಪಂಪ್ ಲೆಕ್ಕ. ನಿಮ್ಮ ಗಾಡಿ ಹೆಚ್ಚೆಂದರೆ 155 ಎಚ್‌ಪಿ ಕೊಡುತ್ತೆ ಅಂತ ಇಟ್ಕೊಳ್ಳಿ. ಟರ್ಬೊ ಇಂಜಿನ್‌ಗೆ ಎಚ್‌ಪಿಗೆ ಗಂಟೆಗೆ 0.6 ಪೌಂಡ್ ಪೆಟ್ರೋಲ್. ಒಟ್ಟು 93 ಪೌಂಡ್, ಅಂದರೆ ಸುಮಾರು 42 ಕೆಜಿ, ಅಂದರೆ ಗಂಟೆಗೆ 56 ಲೀಟರ್ ಹತ್ತಿರ. 255 ಲೀಟರ್ ಪಂಪ್‌ಗೆ ಇದು ಕಾಲು ಭಾಗವೂ ಅಲ್ಲ. ಇಂಜೆಕ್ಟರ್ ಡ್ಯೂಟಿಯೂ (ಅದು ತೆರೆದಿರೋ ಸಮಯದ ಪಾಲು) 70 ಪರ್ಸೆಂಟ್ ದಾಟಲ್ಲ. ಇಷ್ಟಕ್ಕೇ ಪ್ರೆಶರ್ ಬೀಳ್ತಿದೆ ಅಂದರೆ ಪಂಪ್‌ಗೆ ಕರೆಂಟ್ ಸಾಲ್ತಿಲ್ಲ, ಇಲ್ಲಾ ಫಿಲ್ಟರ್ ಕಟ್ಟಿದೆ, ಇಲ್ಲಾ ಟ್ಯಾಂಕ್ ಒಳಗೇ ಎಲ್ಲೋ ಸೋರುತ್ತಿದೆ, ಇಲ್ಲಾ ಪಂಪೇ ನಕಲಿ.

ಎಸ್ಟೀಮ್_ಪ್ರೇಮಿ:
ಲೆಕ್ಕ ನೋಡಿದ ಮೇಲೆ ಒಪ್ಪಿದೆ, ಇವರ ಗಾಡಿಗೆ ಏರಿಸೋದು ಸರಿಯಲ್ಲ. ಆದರೂ ನನ್ನ ಗಾಡಿಯಲ್ಲಿ ಕೆಲಸ ಮಾಡಿದ್ದು ನಿಜ. ಅದು ಹೇಗೆ?

ಲ್ಯಾಂಬ್ಡಾ_ಒಂದು:
ನಿಮ್ಮದು ಸ್ಟಾಕ್ ಇಸಿಯು, ಟರ್ಬೊ ಇಲ್ಲ. ಮ್ಯಾಪ್ ಮುಟ್ಟೋಕೆ ದಾರಿ ಇಲ್ಲದಾಗ ಪ್ರೆಶರ್ ಸ್ವಲ್ಪ ಏರಿಸೋದು ಹಳೇ ಕಾಲದ ಉಪಾಯ, ಮಿತಿಯಲ್ಲಿದ್ದರೆ ನಡೆಯುತ್ತೆ. 43.5 ಇದ್ದದ್ದನ್ನು 48 ಮಾಡಿದರೆ ಪೆಟ್ರೋಲ್ 5 ಪರ್ಸೆಂಟ್ ಜಾಸ್ತಿ. ಸಣ್ಣ ಥ್ರಾಟಲ್‌ನಲ್ಲಿ ಆಕ್ಸಿಜನ್ ಸೆನ್ಸರ್ ನೋಡಿ ಇಸಿಯು ಆ 5 ಪರ್ಸೆಂಟನ್ನು ವಾಪಸ್ ಕಿತ್ತುಕೊಳ್ಳುತ್ತೆ. ಫುಲ್ ಥ್ರಾಟಲ್‌ನಲ್ಲಿ ಸೆನ್ಸರ್ ಮಾತು ಕೇಳಲ್ಲ, ಅಲ್ಲಿ ಜಾಸ್ತಿ ಉಳಿಯುತ್ತೆ. ಕ್ಯಾಮ್ ಹಾಕಿದ ಇಂಜಿನ್‌ಗೆ ಬೇಕಾದದ್ದೂ ಅಲ್ಲೇ. ಅದಕ್ಕೇ ಎಳೆದಿದ್ದು.

ಮಿತಿ ಯಾಕೆ ಅಂದರೆ, ಪ್ರೆಶರ್ ಎರಡು ಪಟ್ಟು ಮಾಡಿದರೂ ಪೆಟ್ರೋಲ್ 41 ಪರ್ಸೆಂಟ್ ಅಷ್ಟೇ ಏರುತ್ತೆ. ಅಷ್ಟು ಪ್ರೆಶರ್‌ನಲ್ಲಿ ಪಂಪ್ ಕೊಡೋದೂ ಕಡಿಮೆ ಆಗುತ್ತೆ, ಕೆಲವು ಇಂಜೆಕ್ಟರ್ ಸರಿಯಾಗಿ ತೆರೆಯೋದೇ ಇಲ್ಲ. ಸ್ಟ್ಯಾಂಡ್‌ಅಲೋನ್ ಇದ್ದವರಿಗೆ ಇನ್ನೊಂದು ತೊಡಕು. ಇಂಜೆಕ್ಟರ್ ಡೆಡ್‌ಟೈಮ್ (ಕರೆಂಟ್ ಕೊಟ್ಟ ಮೇಲೆ ತೆರೆಯೋಕೆ ಹಿಡಿಯೋ ಸಮಯ) ಟೇಬಲ್ ಸಾಮಾನ್ಯವಾಗಿ 3 ಬಾರ್‌ಗೆ, ಅಂದರೆ 43.5 ಪಿಎಸ್‌ಐಗೆ ಬರೆದಿರುತ್ತೆ. ಪ್ರೆಶರ್ ಬದಲಿಸಿದರೆ ಅದೂ ಬದಲಾಗುತ್ತೆ, ಐಡಲ್ ಕುಣಿಯೋಕೆ ಶುರುವಾಗುತ್ತೆ. ಆಮೇಲೆ ಎಲ್ಲೆಲ್ಲೋ ಹುಡುಕ್ತಾ ಕೂರಬೇಕು.

ಹಿಂದೆ ಟರ್ಬೊ ಕಿಟ್‌ಗಳಲ್ಲಿ ಎಫ್‌ಎಂಯು ಅಂತ ಬರ್ತಿತ್ತು. ಬೂಸ್ಟ್ 1 ಏರಿದರೆ ಪೆಟ್ರೋಲ್ ಪ್ರೆಶರ್ 12 ಏರಿಸೋ ಡಬ್ಬಿ. 8 ಪಿಎಸ್‌ಐ ಬೂಸ್ಟ್‌ಗೆ 96 ಕೂಡಿಸಿ, ಬೇಸ್ ಸೇರಿ 140 ಹತ್ತಿರ ಹೋಗುತ್ತೆ. ಯಾವ ಮಾಮೂಲಿ ಪಂಪ್ ಕೊಡುತ್ತೆ ಅಷ್ಟನ್ನು? ಈಗ ಇಸಿಯು ಕೈಗೆ ಸಿಗೋ ಕಾಲದಲ್ಲಿ ಅದನ್ನು ಯಾರಾದರೂ ಮಾರೋಕೆ ಬಂದರೆ ಬೇಡ ಅನ್ನಿ.

ವೈರಿಂಗ್_ಹುಬ್ಬಳ್ಳಿ:
ಸಾರ್, ಪಂಪ್ ಅಂದ ಕೂಡಲೇ ಎಲ್ಲರೂ ಪೆಟ್ರೋಲ್ ಕಡೆ ನೋಡ್ತಾರ. ನಾನು ಮೊದಲು ವೋಲ್ಟೇಜ್ ನೋಡ್ತೀನಿ. ಇಂಜಿನ್ ಓಡ್ತಿರುವಾಗ ಬ್ಯಾಟರಿ ಮೇಲೆ ಎಷ್ಟದ, ಪಂಪ್ ಕನೆಕ್ಟರ್ ಹತ್ತಿರ ಎಷ್ಟದ, ಎರಡೂ ಅಳೀರಿ. ಪಂಪ್ ಪ್ಲಗ್ ತೆಗೆದು ಅಳೀಬ್ಯಾಡ್ರಿ, ಲೋಡ್ ಇಲ್ಲದಾಗ ವೋಲ್ಟೇಜ್ ಪೂರ್ತಿ ತೋರಿಸ್ತದ. ಪ್ಲಗ್ ಹಾಕಿ, ಹಿಂದಿನಿಂದ ಸೂಜಿ ಚುಚ್ಚಿ ಅಳೀಬೇಕು. ಅರ್ಥ್ ಕಡೆಗೂ ಅಳೀರಿ, ಅಲ್ಲೂ ಅರ್ಧ ವೋಲ್ಟ್ ತಿನ್ನೋದು ನೋಡೀನಿ.

ಈ ಹಳೇ ಹೋಂಡಾಗಳಲ್ಲಿ ಮೇನ್ ರಿಲೇ ಒಳಗೆ ಸೋಲ್ಡರ್ ಬಿರುಕು ಬಿಡೋದು ಗೊತ್ತಿದ್ದ ರೋಗ. ಬಿಸಿಲಿಗೆ ನಿಂತ ಗಾಡಿ ಮಧ್ಯಾಹ್ನ ಸ್ಟಾರ್ಟ್ ಆಗಲ್ಲ, ಸಂಜೆ ಆಗ್ತದ. ಅದನ್ನೂ ತೆಗೆದು ನೋಡ್ರಿ.

ಹಳೇಸಿಟಿ_ಬೆಂಗಳೂರು:
ಅಳೆದೆ ಸಾರ್. ಬ್ಯಾಟರಿ ಮೇಲೆ 14.1. ಪಂಪ್ ಹತ್ತಿರ 11.3! ಗ್ಯಾರೇಜ್‌ನಲ್ಲಿ ಪಂಪ್ ಮಾತ್ರ ಬದಲಿಸಿದ್ದಾರೆ, ವೈರಿಂಗ್ ಹಳೇದೇ ಇದೆ.

ವೈರಿಂಗ್_ಹುಬ್ಬಳ್ಳಿ:
ಸಿಕ್ತು ನೋಡ್ರಿ. 2.8 ವೋಲ್ಟ್ ವೈರೇ ತಿನ್ನಾಕತ್ತದ. ಪಂಪ್ ಕಂಪನಿಯವರು ಲೀಟರ್ ಲೆಕ್ಕ ಹೇಳೋದು 13.5 ವೋಲ್ಟ್ ಆಸುಪಾಸಿನಲ್ಲಿ. ವೋಲ್ಟೇಜ್ ಇಳಿದರ ಪಂಪ್ ಸ್ಪೀಡ್ ಇಳೀತದ, ಪ್ರೆಶರ್ ಜಾಸ್ತಿ ಬೇಕಾದಾಗ ಮೊದಲು ಸೋಲೋದು ಅದೇ.

ಡಿಕ್ಕಿಯಲ್ಲಿ ಒಂದು 30 ಆಂಪ್ ರಿಲೇ ಕೂಡಿಸ್ರಿ. ಬ್ಯಾಟರಿಯಿಂದ ನೇರ 4 ಸ್ಕ್ವೇರ್ ಎಂಎಂ ವೈರ್, ಬ್ಯಾಟರಿ ಪಕ್ಕದಲ್ಲೇ 20 ಆಂಪ್ ಫ್ಯೂಸ್. ಹಳೇ ಪಂಪ್ ವೈರನ್ನು ರಿಲೇ ಕಾಯಿಲ್‌ಗೆ ಮಾತ್ರ ಕೊಡ್ರಿ. ಆಗ ಇಸಿಯು ಆಫ್ ಮಾಡಿದರ ಪಂಪೂ ಆಫ್ ಆಗ್ತದ. ಇದು ಬಹಳ ಮುಖ್ಯ. ಗಾಡಿ ಎಲ್ಲಾದರೂ ಗುದ್ದಿ ಇಂಜಿನ್ ನಿಂತಾಗ ಪಂಪ್ ಓಡ್ತಾ ಇರಬಾರದು. ಸ್ವಿಚ್ ಹಾಕಿ ನೇರ ಓಡಿಸೋರನ್ನು ನೋಡೀನಿ, ಅದು ಸುತಾರಾಂ ಬ್ಯಾಡ. ಅರ್ಥ್ ವೈರನ್ನು ಪೇಂಟ್ ಕೆರೆದು ಬಾಡಿಗೆ ಹತ್ತಿರದಲ್ಲೇ ಬಿಗೀರಿ.

ಲ್ಯಾಂಬ್ಡಾ_ಒಂದು:
ರಿಲೇ ಹಾಕಿ, ಮತ್ತೆ ಲಾಗ್ ಕೊಡಿ. ಆದರೆ ನನಗೆ ಇನ್ನೊಂದು ಅನುಮಾನ ಇದೆ. 11.3 ವೋಲ್ಟ್‌ನಲ್ಲೂ ಆ ಪಂಪ್ ಗಂಟೆಗೆ 56 ಲೀಟರ್ ಕೊಡಬೇಕಿತ್ತು. ಕೀ ಆಫ್ ಮಾಡಿದ ಮೇಲೆ ಪ್ರೆಶರ್ ಎಷ್ಟು ಹೊತ್ತು ನಿಲ್ಲುತ್ತೆ ನೋಡಿ. ಚೆನ್ನಾಗಿರೋ ಸಿಸ್ಟಮ್‌ನಲ್ಲಿ ನಿಧಾನಕ್ಕೆ ಇಳಿಯುತ್ತೆ. ತಕ್ಷಣ ಸೊನ್ನೆಗೆ ಬಿದ್ದರೆ ಪಂಪ್‌ನ ಚೆಕ್ ವಾಲ್ವ್, ರೆಗ್ಯುಲೇಟರ್ ಸೀಟ್, ಇಂಜೆಕ್ಟರ್, ಇಲ್ಲಾ ಟ್ಯಾಂಕ್ ಒಳಗಿನ ಪೈಪ್, ಇವುಗಳಲ್ಲಿ ಒಂದು.

ಹಳೇಸಿಟಿ_ಬೆಂಗಳೂರು:
ರಿಲೇ ಹಾಕಿದೆ. ಪಂಪ್ ಹತ್ತಿರ ಈಗ 13.7. 6200ರಲ್ಲಿ 40 ಇದ್ದದ್ದು 45 ಆಗಿದೆ. ಒಳ್ಳೇದೇ, ಆದರೆ 51 ಇಲ್ಲ. ಕೀ ಆಫ್ ಮಾಡಿದ ಕೂಡಲೇ ಪ್ರೆಶರ್ ಜರ್ರನೆ ಸೊನ್ನೆ. ಫಿಲ್ಟರ್ ಹೊಸದು ಹಾಕಿ ನೋಡಿದೆ, ವ್ಯತ್ಯಾಸ ಇಲ್ಲ.

ಲ್ಯಾಂಬ್ಡಾ_ಒಂದು:
ಹಾಗಾದರೆ ಪಂಪ್ ಹೊರಗೆ ತೆಗೆಯಿರಿ. ಹಿಂದಿನ ಸೀಟ್ ಕೆಳಗೆ ಕೆಲಸ ಮಾಡುವಾಗ ಬ್ಯಾಟರಿ ಕಳಚಿ, ಬಾಗಿಲು ಎಲ್ಲಾ ತೆಗೆದಿಡಿ, ಪಕ್ಕದಲ್ಲಿ ಫೈರ್ ಎಕ್ಸ್‌ಟಿಂಗ್ವಿಷರ್ ಇರಲಿ, ಬಲ್ಬ್ ಹಿಡಿಯೋದು ಬೇಡ. ಟ್ಯಾಂಕ್ ಅರ್ಧಕ್ಕಿಂತ ಕೆಳಗೆ ಇದ್ದರೆ ಸುಲಭ. ಪಂಪ್‌ನಿಂದ ಮೇಲಿನ ಲೋಹದ ಪೈಪ್‌ಗೆ ಹೋಗೋ ಗೇಣುದ್ದದ ರಬ್ಬರ್ ಪೈಪ್ ಇರುತ್ತಲ್ಲ, ಅದರ ಫೋಟೋ ಹಾಕಿ. ಅದರ ಮೇಲೆ ಬರೆದಿರೋ ಅಕ್ಷರ ಕಾಣಬೇಕು.

ಹಳೇಸಿಟಿ_ಬೆಂಗಳೂರು:
ಫೋಟೋ ಹಾಕಿದ್ದೇನೆ ನೋಡಿ ಅಣ್ಣ. ಪೈಪ್ ಕೈಯಲ್ಲಿ ಹಿಡಿದರೆ ಮೆತ್ತಗಿದೆ, ಊದಿಕೊಂಡಿದೆ. ಹಾಕಿರೋದು ಮಾಮೂಲಿ ಸ್ಕ್ರೂ ಕ್ಲ್ಯಾಂಪ್. ಅದರ ಹಲ್ಲು ರಬ್ಬರ್ ಒಳಗೆ ಇಳಿದು, ಆ ಗೆರೆಯಲ್ಲೇ ಉಗುರಿನಷ್ಟು ಸೀಳಿದೆ. ಬೆರಳಿಟ್ಟು ಅಗಲಿಸಿದರೆ ಬಾಯಿ ತೆರೆಯುತ್ತೆ. ಪೈಪ್ ಮೇಲೆ ಏನೂ ಬರೆದಿಲ್ಲ.

ಲ್ಯಾಂಬ್ಡಾ_ಒಂದು:
ಇದೇ. ಪ್ರೆಶರ್ ಏರಿದ ಹಾಗೆ ಆ ಸೀಳು ಜಾಸ್ತಿ ತೆರೆದು ಪೆಟ್ರೋಲ್ ಟ್ಯಾಂಕ್ ಒಳಗೇ ಸುರೀತಿತ್ತು. ಹೊರಗೆ ಒಂದು ಹನಿ ಕಾಣಲ್ಲ, ವಾಸನೆಯೂ ಬರಲ್ಲ. 55ಕ್ಕೆ ಏರಿಸಿದ್ದರೆ ಪೂರ್ತಿ ಕಿತ್ತುಕೊಂಡು ಬರ್ತಿತ್ತು, ಅದೂ ಬೂಸ್ಟ್‌ನಲ್ಲಿರುವಾಗ.

ಟ್ಯಾಂಕ್ ಒಳಗೆ ಹಾಕೋ ಪೈಪ್ ಬೇರೆ, ಹೊರಗೆ ಹಾಕೋದು ಬೇರೆ. ಒಳಗಿನದು ಹೊರಗೂ ಒಳಗೂ ಪೆಟ್ರೋಲ್‌ನಲ್ಲಿ ಮುಳುಗಿರುತ್ತೆ. ಅದಕ್ಕೆ ಎಸ್‌ಎಇ ಜೆ30 ಆರ್10 ಅಂತ ಗುರುತು ಇರೋದನ್ನೇ ಕೇಳಿ. ಹೊರಗಿನ ಇಂಜೆಕ್ಷನ್ ಲೈನ್‌ಗೆ ಆರ್9. ಆರ್9 ಒಳ್ಳೆ ಪೈಪೇ, ಆದರೆ ಅದರ ಹೊರಮೈ ಮುಳುಗಿರೋಕೆ ಮಾಡಿದ್ದಲ್ಲ. ಕ್ಲ್ಯಾಂಪ್ ಹಲ್ಲಿಲ್ಲದ, ಸುತ್ತ ಸಮನಾಗಿ ಹಿಡಿಯೋ ಇಂಜೆಕ್ಷನ್ ಕ್ಲ್ಯಾಂಪ್ ಆಗಬೇಕು. ಜೆ.ಸಿ. ರಸ್ತೆಯಲ್ಲಿ ಹುಡುಕಿದರೆ ಸಿಗುತ್ತೆ, ಆದರೆ ಪೈಪ್ ಮೇಲಿನ ಅಚ್ಚು ಓದದೆ ದುಡ್ಡು ಕೊಡಬೇಡಿ. ಬೆಲೆ ಜಾಸ್ತಿ ಅನ್ನಿಸುತ್ತೆ, ಕೊಡಿ.

ಮೂಡಿಗೆರೆ_ಜಿಪ್ಸಿ:
ಇದನ್ನು ಓದಿ ನನಗೂ ಭಯ ಆಯ್ತು. ನನ್ನದು ಎಂಪಿಎಫ್‌ಐ ಜಿಪ್ಸಿ, ಕ್ಯಾಮ್ ಹಾಕಿದೆ, ಇಸಿಯು ಸ್ಟಾಕ್. ಪೈಪ್‌ಗಳೆಲ್ಲಾ ಹಳೇವು. ಈಗ ಬಂಕ್‌ನಲ್ಲಿ ಸಿಗೋದೆಲ್ಲಾ ಇ20 (20 ಪರ್ಸೆಂಟ್ ಎಥೆನಾಲ್ ಬೆರೆಸಿದ ಪೆಟ್ರೋಲ್). ಅದಕ್ಕೆ ಪ್ರೆಶರ್ ಏರಿಸಬೇಕಾ? ಚಾರ್ಮಾಡಿ ಹತ್ತುವಾಗ ಫುಲ್ ಥ್ರಾಟಲ್‌ನಲ್ಲಿ ಸ್ವಲ್ಪ ಸಪ್ಪೆ ಅನ್ನಿಸುತ್ತೆ.

ಲ್ಯಾಂಬ್ಡಾ_ಒಂದು:
ಒಳ್ಳೆ ಪ್ರಶ್ನೆ. 2023ರ ಫೆಬ್ರವರಿಯಲ್ಲಿ ಬೆಂಗಳೂರಲ್ಲೇ ಇ20 ಬಿಡುಗಡೆ ಆಯ್ತು, ಆಮೇಲೆ ಎಲ್ಲಾ ಕಡೆ ಹರಡಿತು. ನಮ್ಮ ಹಳೇ ಗಾಡಿಗಳು ಅದನ್ನು ನೋಡಿ ಮಾಡಿದವಲ್ಲ.

ಲೆಕ್ಕ ಹೀಗಿದೆ. ಶುದ್ಧ ಪೆಟ್ರೋಲ್ ಪೂರ್ತಿ ಉರಿಯೋಕೆ 1 ಕೆಜಿಗೆ 14.7 ಕೆಜಿ ಗಾಳಿ. ಎಥೆನಾಲ್‌ಗೆ 9 ಮಾತ್ರ. ಇ10ಗೆ 14.1 ಹತ್ತಿರ, ಇ20ಗೆ 13.5 ಹತ್ತಿರ. ಅಂದರೆ ಅಷ್ಟೇ ಗಾಳಿಗೆ ಇ20 ಜಾಸ್ತಿ ಸುರಿಯಬೇಕು. ಇ10ನಿಂದ ಬಂದರೆ 4 ಪರ್ಸೆಂಟ್ ಚಿಲ್ಲರೆ, ಎಥೆನಾಲ್ ಇಲ್ಲದ ಪೆಟ್ರೋಲ್‌ಗೆ ಟ್ಯೂನ್ ಮಾಡಿದ್ದರೆ 8 ಪರ್ಸೆಂಟ್ ಆಸುಪಾಸು. ಸಣ್ಣ ಥ್ರಾಟಲ್‌ನಲ್ಲಿ ಆಕ್ಸಿಜನ್ ಸೆನ್ಸರ್ ಇದನ್ನು ಸರಿ ಮಾಡಿಕೊಳ್ಳುತ್ತೆ. ಫುಲ್ ಥ್ರಾಟಲ್‌ನಲ್ಲಿ ಅಷ್ಟು ಲೀನ್ ಆಗುತ್ತೆ, ನಿಮಗೆ ಸಪ್ಪೆ ಅನ್ನಿಸಿದ್ದು ಅದೂ ಇರಬಹುದು, ಫಿಲ್ಟರ್ ಕಟ್ಟಿದ್ದೂ ಇರಬಹುದು. ಅಳೆಯದೆ ಹೇಳೋಕಾಗಲ್ಲ.

ನಿಮ್ಮದು ಸ್ಟಾಕ್ ಇಸಿಯು, ಹಾಗಾಗಿ ಎಸ್ಟೀಮ್ ಅವರ ಉಪಾಯ ಇಲ್ಲಿ ಒಪ್ಪಬಹುದು. 43.5 ಇದ್ದದ್ದನ್ನು 47.5 ಮಾಡಿದರೆ 4.5 ಪರ್ಸೆಂಟ್ ಜಾಸ್ತಿ ಬರುತ್ತೆ. ಅಲ್ಲಿಗೆ ನಿಲ್ಲಿಸಿ. ಅದೂ ಫುಲ್ ಥ್ರಾಟಲ್‌ನಲ್ಲಿ ವೈಡ್‌ಬ್ಯಾಂಡ್ ನೋಡಿದ ಮೇಲೆ, ಪೈಪ್‌ಗಳನ್ನೆಲ್ಲಾ ಬದಲಿಸಿದ ಮೇಲೆ. ಬಿರುಕು ಬಿಟ್ಟ ಹಳೇ ರಬ್ಬರ್ ಇಟ್ಟುಕೊಂಡು ಪ್ರೆಶರ್ ಏರಿಸೋದು ಅಪಾಯ. ಸ್ಟ್ಯಾಂಡ್‌ಅಲೋನ್ ಇದ್ದವರು ರೆಗ್ಯುಲೇಟರ್ ಮುಟ್ಟಲೇಬಾರದು, ಮ್ಯಾಪ್‌ನಲ್ಲಿ ಸೇರಿಸಬೇಕು.

ವೈಡ್‌ಬ್ಯಾಂಡ್ ಬಗ್ಗೆ ಒಂದು ಮಾತು. ಗೇಜನ್ನು ಎಎಫ್‌ಆರ್‌ನಲ್ಲಿ (ಗಾಳಿ-ಪೆಟ್ರೋಲ್ ತೂಕದ ಅನುಪಾತ) ಓದಬೇಡಿ, ಲ್ಯಾಂಬ್ಡಾದಲ್ಲಿ ಓದಿ. ಸೆನ್ಸರ್ ಅಳೆಯೋದು ಲ್ಯಾಂಬ್ಡಾವನ್ನೇ, ಗೇಜ್ ಅದನ್ನು 14.7ರಿಂದ ಗುಣಿಸಿ ತೋರಿಸುತ್ತೆ. ಇ20 ಆದರೇನು, ಇ10 ಆದರೇನು, ಲ್ಯಾಂಬ್ಡಾ 1 ಅಂದರೆ 1.

ಕುಡ್ಲ_ಡ್ರೈವ್:
ಸ್ವಿಫ್ಟ್‌ಗೆ ಇದೆಲ್ಲಾ ಆಗ್ತದಾ? ಬಾನೆಟ್ ಒಳಗೆ ರೆಗ್ಯುಲೇಟರೇ ಕಾಣ್ತಿಲ್ಲ. ನಮ್ಮ ಪಕ್ಕದ ಮನೆಯವರ ಪೋಲೋ ಟಿಎಸ್‌ಐನಲ್ಲೂ ಇಲ್ಲ.

ಲ್ಯಾಂಬ್ಡಾ_ಒಂದು:
ಸ್ವಿಫ್ಟ್‌ನದ್ದು ರಿಟರ್ನ್ ಪೈಪ್ ಇಲ್ಲದ ಸಿಸ್ಟಮ್. ರೆಗ್ಯುಲೇಟರ್ ಟ್ಯಾಂಕ್ ಒಳಗೇ ಪಂಪ್ ಜೊತೆ ಇರುತ್ತೆ, ಮ್ಯಾನಿಫೋಲ್ಡ್ ಪೈಪ್ ಇಲ್ಲ. ಅಲ್ಲಿ ವ್ಯತ್ಯಾಸವನ್ನು ಇಸಿಯು ಲೆಕ್ಕ ಹಾಕಿ ಸರಿದೂಗಿಸುತ್ತೆ. ಟರ್ಬೊ ಹಾಕೋರು ರಿಟರ್ನ್ ಲೈನ್ ಎಳೆದುಕೊಳ್ತಾರೆ. ಪೋಲೋ ಟಿಎಸ್‌ಐ ಡೈರೆಕ್ಟ್ ಇಂಜೆಕ್ಷನ್, ಅದರ ರೇಲ್‌ನಲ್ಲಿ 100 ಬಾರ್‌ಗಿಂತ ಜಾಸ್ತಿ. ಅದಕ್ಕೆ ಸಾಫ್ಟ್‌ವೇರ್ ಮಾತ್ರ, ಸ್ಪ್ಯಾನರ್ ಹಿಡಿಯಬೇಡಿ.

ಹಳೇಸಿಟಿ_ಬೆಂಗಳೂರು:
ಆರ್10 ಪೈಪ್ ಸಿಕ್ತು, ಸರಿಯಾದ ಕ್ಲ್ಯಾಂಪ್ ಹಾಕಿದೆ. ಇನ್ನು ಬೇಸ್ ಮತ್ತೆ ಸೆಟ್ ಮಾಡಬೇಕು ಅಲ್ವಾ? ಈಗ ಪೈಪ್ ತೆಗೆದರೆ 46 ತೋರಿಸುತ್ತಿದೆ. ಕ್ರಮವಾಗಿ ಹೇಳಿ.

ಲ್ಯಾಂಬ್ಡಾ_ಒಂದು:
ಸೋರಿಕೆ ನಿಂತಿತಲ್ಲ, ವೋಲ್ಟೇಜೂ ಬಂತು, ಈಗ ರೆಗ್ಯುಲೇಟರ್ ಮೂಲಕ ಜಾಸ್ತಿ ಹರಿಯುತ್ತಿದೆ. ಅದಕ್ಕೇ ಏರಿದೆ, ಇರಲಿ.

ಇಂಜಿನ್ ಚೆನ್ನಾಗಿ ಬಿಸಿಯಾಗಲಿ. ರೆಗ್ಯುಲೇಟರ್‌ನ ವ್ಯಾಕ್ಯೂಮ್ ಪೈಪ್ ತೆಗೆದು, ಪೈಪ್‌ನ ಬಾಯಿಗೆ ಬಿರಡೆ ಹಾಕಿ. ರೆಗ್ಯುಲೇಟರ್ ಕಡೆಯ ಮೂತಿ ತೆರೆದೇ ಇರಲಿ. ಆ ಮೂತಿಯಲ್ಲಿ ಪೆಟ್ರೋಲ್ ಹನಿ ಇದ್ದರೆ ಡಯಾಫ್ರಾಮ್ ಹರಿದಿದೆ, ಅಲ್ಲಿಗೇ ನಿಲ್ಲಿಸಿ. ಒಣಗಿದ್ದರೆ ಲಾಕ್ ನಟ್ ಸಡಿಲಿಸಿ, ಅಲನ್ ಕೀಯಿಂದ ಸ್ವಲ್ಪಸ್ವಲ್ಪವೇ ತಿರುಗಿಸಿ 43.5ಕ್ಕೆ ತನ್ನಿ. ಬಲಕ್ಕೆ ತಿರುಗಿಸಿದರೆ ಏರುತ್ತೆ. ಲಾಕ್ ನಟ್ ಬಿಗಿ ಮಾಡುವಾಗ ಒಂದು ಪಿಎಸ್‌ಐ ಅಲುಗುತ್ತೆ, ಬಿಗಿ ಮಾಡಿದ ಮೇಲೆ ಮತ್ತೆ ನೋಡಿ. ಎಷ್ಟು ಸಡಿಲಿಸಿದರೂ 43.5ಕ್ಕೆ ಇಳಿಯದಿದ್ದರೆ ರಿಟರ್ನ್ ಲೈನ್ ಸಣ್ಣದಾಗಿದೆ, ದೊಡ್ಡ ಪಂಪ್‌ಗೆ ಸಾಲ್ತಿಲ್ಲ ಅಂತ.

ಇದಾದ ಮೇಲೆ ಗಾಡಿ ಓಡಿಸೋ ಮೊದಲು ಒಂದು ಪರೀಕ್ಷೆ ಮಾಡಿ. ಇಂಜಿನ್ ಆಫ್, ಪಂಪ್ ಮಾತ್ರ ಆನ್. ರೆಗ್ಯುಲೇಟರ್ ಮೂತಿಗೆ ಟಿ ಹಾಕಿ ಒಂದು ಕಡೆ ಬೂಸ್ಟ್ ಗೇಜ್, ಇನ್ನೊಂದು ಕಡೆ ಸೈಕಲ್ ಪಂಪ್. ನಿಧಾನಕ್ಕೆ 10 ಪಿಎಸ್‌ಐ ತನಕ ಹೊಡೆಯಿರಿ. ರೇಲ್‌ನಲ್ಲಿ 53-54 ಬರಬೇಕು. 5 ಹೊಡೆದಾಗ 48-49. ಹೀಗೆ ಒಂದಕ್ಕೊಂದು ಏರಿದರೆ ರೆಗ್ಯುಲೇಟರ್ ಚೆನ್ನಾಗಿದೆ. ರಸ್ತೆಯಲ್ಲಿ ಅಪಾಯಕ್ಕೆ ಸಿಕ್ಕಿಕೊಳ್ಳೋ ಬದಲು ಮನೆ ಮುಂದೆ ಗೊತ್ತಾಗುತ್ತೆ.

ಕೊನೆಗೆ ಪೈಪ್ ವಾಪಸ್ ಹಾಕಿ, ಎರಡೂ ಕಡೆ ಟೈ ಕಟ್ಟಿ, ಬೂಸ್ಟ್‌ಗೆ ಹಾರಿಹೋಗಬಾರದು. ಆ ಪೈಪ್ ನೇರವಾಗಿ ಥ್ರಾಟಲ್ ಆದಮೇಲಿನ ಮ್ಯಾನಿಫೋಲ್ಡ್‌ನಿಂದಲೇ ಬರಲಿ, ಬ್ಲೋ-ಆಫ್ ವಾಲ್ವ್ ಜೊತೆ ಹಂಚಿಕೊಳ್ಳೋದು ಬೇಡ. ಗ್ಲಿಸರಿನ್ ತುಂಬಿದ ಗೇಜ್ ಬಾನೆಟ್ ಬಿಸಿಗೆ ಸುಳ್ಳು ಹೇಳುತ್ತೆ, ಒಳಗಿನ ಗಾಳಿ ಹಿಗ್ಗಿ ಕಡಿಮೆ ತೋರಿಸುತ್ತೆ. ಸೆಂಡರ್ ನಂಬಿ.

ಹಳೇಸಿಟಿ_ಬೆಂಗಳೂರು:
ಎಲ್ಲಾ ಹಾಗೇ ಮಾಡಿದೆ. ಸೈಕಲ್ ಪಂಪ್ ಪರೀಕ್ಷೆಯಲ್ಲಿ 10ಕ್ಕೆ 53.5 ಬಂತು. ಡೈನೋ ಮೇಲೆ ಲಾಗ್: 7 ಪಿಎಸ್‌ಐ ಬೂಸ್ಟ್, 4500ರಿಂದ 6500 ತನಕ ರೇಲ್ 50 ಮತ್ತು 51ರ ನಡುವೆ, ಲ್ಯಾಂಬ್ಡಾ 0.79ರಿಂದ 0.80. ಮ್ಯಾಪ್‌ನಲ್ಲಿ ಒಂದು ಸೆಲ್ ಕೂಡ ಮುಟ್ಟಿಲ್ಲ. ಲ್ಯಾಂಬ್ಡಾ ಅಣ್ಣ, ಹುಬ್ಬಳ್ಳಿ ಸಾರ್, ಇಬ್ಬರಿಗೂ ತುಂಬಾ ಥ್ಯಾಂಕ್ಸ್.

ಎಸ್ಟೀಮ್_ಪ್ರೇಮಿ:
ಸೂಪರ್. ಕಾರಿ ಟ್ರ್ಯಾಕ್‌ಗೆ ಯಾವಾಗ?

ಲ್ಯಾಂಬ್ಡಾ_ಒಂದು:
ಹೋಗೋ ಮೊದಲು ಇದೊಂದು ನೆನಪಿರಲಿ. ಉದ್ದ ತಿರುವಿನಲ್ಲಿ ಪೆಟ್ರೋಲ್ ಟ್ಯಾಂಕ್‌ನ ಒಂದು ಕಡೆ ಸರಿಯುತ್ತೆ, ಪಂಪ್ ಗಾಳಿ ಎಳೆಯುತ್ತೆ. ಲಾಗ್‌ನಲ್ಲಿ ನೇರ ರಸ್ತೆಯಲ್ಲಿ 51 ಇದ್ದು ತಿರುವಿನಿಂದ ಹೊರಬರುವಾಗ ಮಾತ್ರ ಬಿದ್ದರೆ ಅದು ಟ್ಯಾಂಕ್ ಸಮಸ್ಯೆ, ಪಂಪ್‌ನದ್ದಲ್ಲ. ಸದ್ಯಕ್ಕೆ ಅರ್ಧ ಟ್ಯಾಂಕ್‌ಗಿಂತ ಕೆಳಗೆ ಇಳಿಸದೆ ಓಡಿಸಿ. ಇಸಿಯುನಲ್ಲಿ ರಕ್ಷಣೆ ಬರೆದುಕೊಳ್ಳಿ. ರೇಲ್ ಪ್ರೆಶರ್‌ನಿಂದ ಬೂಸ್ಟ್ ಕಳೆದದ್ದು 38ಕ್ಕಿಂತ ಕೆಳಗೆ ಹೋದರೆ ಬೂಸ್ಟ್ ಕಟ್ ಆಗಲಿ. ಸೆಂಡರ್ ಹೇಗೂ ಇದೆಯಲ್ಲ.

ಮೂಡಿಗೆರೆ_ಜಿಪ್ಸಿ:
ಆರ್10 ಪೈಪ್ ಯಾವ ಸೈಜ್ ತಗೊಂಡ್ರಿ ಹಳೇಸಿಟಿ? ಜಿಪ್ಸಿಗೂ ಅದೇ ಆಗುತ್ತಾ?

ಹಳೇಸಿಟಿ_ಬೆಂಗಳೂರು:
ನನ್ನದಕ್ಕೆ ಒಳಅಳತೆ 8 ಎಂಎಂ ಸರಿ ಹೋಯ್ತು. ನಿಮ್ಮದು ಪಂಪ್ ತೆಗೆದು ಮೂತಿ ಅಳೆದುಕೊಂಡೇ ಹೋಗಿ, ಹಳೇ ಪೈಪ್ ತುಂಡನ್ನು ನೋಡಿ ತಗೋಬೇಡಿ. ನನ್ನದು ಊದಿಕೊಂಡಿತ್ತಲ್ಲ, ಅದರ ಅಳತೆಯೇ ತಪ್ಪಿತ್ತು.